ಹಗಲು ಹೊತ್ತಿನಲ್ಲಿ ಬಂದವನು

ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿ ನನಗೆ ಇಪ್ಪತ್ತೆರಡು ವರ್ಷ ಆಗಿತ್ತು. ಮುರಿದ ಕೈಕಾಲು ಕಟ್ಟುವುದು ನನ್ನ ಕೆಲಸ. ನಾನೇ ಒಬ್ಬರ ಕೈ ಮುರಿದದ್ದು ಅದೊಂದೇ ಸಲ. ಆ ಒಂದು ಸಲಕ್ಕೆ ಒಂದೂವರೆ ವರ್ಷ ವಿವರಣೆ ಕೊಟ್ಟಿದ್ದೇನೆ. ಠಾಣೆಯಲ್ಲಿ ಕೊಟ್ಟೆ, ವಕೀಲರ ಹತ್ತಿರ ಕೊಟ್ಟೆ, ಆಸ್ಪತ್ರೆಯ ಆಫೀಸಿಗೆ ಬರೆದು ಕೊಟ್ಟೆ, ಹೂವಿನ ಅಂಗಡಿಯವಳು ಮೊಳ ಹಾಕುತ್ತಾ ಕೇಳಿದ್ದಕ್ಕೂ ಕೊಟ್ಟೆ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಎಷ್ಟು ಏಟು ಹೊಡೆದ್ರಿ?"

ಎರಡು. ಎರಡು ಏಟು ಹೊಡೆದೆ.

ನಮ್ಮದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಅಮ್ಮ ಇರುತ್ತಾರೆ. ನಮ್ಮ ಮನೆಯವರು ಸಿಟಿ ಬಸ್ಸಿನ ಡ್ರೈವರು, ಬೆಳಗಿನ ಜಾವವೇ ಡಿಪೋಗೆ ಹೊರಡುತ್ತಾರೆ. ಮಗಳು ಪಿಯುಸಿ. ಆ ವಾರ ನನಗೆ ನೈಟ್ ಡ್ಯೂಟಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಮುದ್ದೆ ತಿರುವಿ ಸೊಪ್ಪಿನ ಸಾರು ಮಾಡಿಟ್ಟು, ಫ್ಯಾನಿನ ಕೆಳಗೆ ಹಾಲಿನಲ್ಲೇ ಚಾಪೆ ಹಾಸಿ ಮಲಗಿದೆ. ಗ್ಯಾಸ್ ಸಿಲಿಂಡರ್ ಬರುವುದಿತ್ತು. ಹಿಂದಿನ ಸಲ ಅವನು ಬೆಲ್ ಮಾಡಿದಾಗ ನಿದ್ದೆಯಲ್ಲಿ ಕೇಳಿಸದೆ ಸಿಲಿಂಡರು ವಾಪಸು ಹೋಗಿತ್ತು. ಅದಕ್ಕೇ ಗ್ರಿಲ್ಲಿಗೆ ಬೀಗ ಹಾಕದೆ, ಮರದ ಬಾಗಿಲನ್ನು ಬರೀ ಮುಂದಕ್ಕೆ ಮಾಡಿದ್ದೆ. ಈ ಬೀಗದ ವಿಷಯವನ್ನೂ ಆಮೇಲೆ ನಾನು ಎಷ್ಟೋ ಜನಕ್ಕೆ ವಿವರಿಸಬೇಕಾಯಿತು, ಬಾಗಿಲು ತೆರೆದಿಟ್ಟು ನಾನೇ ಯಾರನ್ನೋ ಕರೆದ ಹಾಗೆ.

ಹನ್ನೊಂದರ ಹೊತ್ತಿಗೆ ರೂಮಿನಿಂದ ಬೀರುವಿನ ಹಿಡಿ ಕಿರುಗುಟ್ಟಿದ ಸದ್ದಾಯಿತು. ಎಚ್ಚರವಾದಾಗ ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಮಗಳು ಕಾಲೇಜಿಗೆ ಚಕ್ಕರ್ ಹಾಕಿ ಬಂದಿದ್ದಾಳೆ ಅಂದುಕೊಂಡೆ. ಬಾಯಿ ಒಣಗಿತ್ತು. ಬಾಗಿಲ ಪಕ್ಕದಲ್ಲೇ ಇರುವ ಅಡುಗೆಮನೆಗೆ ಹೋಗಿ ನೀರು ಬಗ್ಗಿಸುತ್ತಾ, "ಏನೇ, ಕ್ಲಾಸ್ ಇಲ್ವಾ ಇವತ್ತು?" ಎಂದು ಕೂಗಿದೆ.

ಸದ್ದು ನಿಂತುಹೋಯಿತು.

ಮಗಳಾಗಿದ್ದರೆ ಏನಾದರೂ ಒಂದು ಸುಳ್ಳು ಹೇಳುತ್ತಿದ್ದಳು. ಆ ಮೌನದಲ್ಲೇ ನನಗೆ ಗೊತ್ತಾಯಿತು. ನಾನು ಮಲಗಿದ್ದಾಗ ಯಾರೋ ನನ್ನ ಚಾಪೆಯ ಪಕ್ಕದಲ್ಲೇ ನಡೆದು ರೂಮಿಗೆ ಹೋಗಿದ್ದಾರೆ. ಸಿಂಕಿನಲ್ಲಿ ಪಾತ್ರೆಯ ಜೊತೆ ಮುದ್ದೆ ಕೋಲು ನೆನೆಹಾಕಿತ್ತು. ಅದು ಕೈಗೆ ಹೇಗೆ ಬಂತೋ ನನಗೆ ನೆನಪಿಲ್ಲ. ನಾನು ಹಾಲಿಗೆ ಕಾಲಿಡುವುದಕ್ಕೂ ಅವನು ರೂಮಿನಿಂದ ಹೊರಗೆ ಬರುವುದಕ್ಕೂ ಸರಿಹೋಯಿತು. ಮೂವತ್ತು ಮೂವತ್ತೈದರ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರು. ನನ್ನ ಹಿಂದೆ ಬಾಗಿಲು. ಅವನು ನನ್ನ ಕಡೆ ಬಂದ. ನನ್ನ ಕಡೆಗೇ ಬಂದನೋ, ನನ್ನ ಹಿಂದಿದ್ದ ಬಾಗಿಲ ಕಡೆಗೆ ಬಂದನೋ, ಆ ಕ್ಷಣದಲ್ಲಿ ಎರಡೂ ಒಂದೇ.

ಮೊದಲನೆಯ ಏಟು ಅವನ ಬಲಗೈಗೆ ಬಿತ್ತು. ಸ್ಕ್ರೂಡ್ರೈವರು ನೆಲಕ್ಕೆ ಬಿದ್ದು ಉರುಳಿತು. ಅವನು ಬಗ್ಗಿದ. ಅದೇ ಕೈಗೆ ಇನ್ನೊಂದು ಕೊಟ್ಟೆ.

ಅವನು "ಅಮ್ಮಾ" ಎಂದು ಕೂತುಬಿಟ್ಟ. ಕೈಯನ್ನು ಎದೆಗೆ ಒತ್ತಿಕೊಂಡ. ಮಣಿಕಟ್ಟಿನ ಹತ್ತಿರ ಕೈ ಯಾವ ರೀತಿ ಬಾಗಿತ್ತೆಂದರೆ, ಎಕ್ಸ್‌ರೇ ಬೇಕಾಗಿಯೇ ಇರಲಿಲ್ಲ. ದಿನಕ್ಕೆ ಅಂಥವು ಮೂರು ನಾಲ್ಕು ನೋಡುವವಳು ನಾನು. ಸ್ಕ್ರೂಡ್ರೈವರನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿ, ಹೊರಗೆ ಬಂದು ಗ್ರಿಲ್ ಎಳೆದು ಬೀಗ ಹಾಕಿ, ಓನರ್ ಅಮ್ಮನನ್ನು ಕೂಗಿ ಪೊಲೀಸಿಗೆ ಫೋನ್ ಮಾಡಿಸಿದೆ. ಹದಿನೈದು ನಿಮಿಷವಾದರೂ ಗಾಡಿ ಬರಲಿಲ್ಲ. ಒಳಗೆ ಅವನು ನರಳುತ್ತಾ ಆ ಕೈಯನ್ನೇ ಊರಿ ಏಳಲು ನೋಡುತ್ತಿದ್ದ. ಹಾಗೆ ಊರಿದರೆ ಮೂಳೆ ಇನ್ನೂ ಜರುಗುತ್ತದೆ. ನನಗೆ ತಡೆಯಲಾಗಲಿಲ್ಲ. ಓನರ್ ಅಮ್ಮ ಬೇಡ ಬೇಡ ಎನ್ನುತ್ತಿದ್ದರೂ ಒಳಗೆ ಹೋಗಿ, "ಕೈ ಅಲ್ಲಾಡಿಸ್ಬೇಡ, ಸುಮ್ನೆ ಕೂತ್ಕೋ" ಎಂದು ಗದರಿಸಿ, ಒಂದು ದಪ್ಪ ವಾರಪತ್ರಿಕೆಯನ್ನು ಕೈಯ ಸುತ್ತ ಮಡಚಿ, ಮಗಳ ದುಪ್ಪಟ್ಟಾದಿಂದ ಬಿಗಿದು ಕಟ್ಟಿದೆ. ಅವನು ಮಗುವಿನ ಹಾಗೆ ಕೈ ಕೊಟ್ಟ. 

ಪೊಲೀಸರು ಅವನನ್ನು ಕರೆದುಕೊಂಡು ಹೋದದ್ದು ನಮ್ಮ ಆಸ್ಪತ್ರೆಗೇ. ಸಂಜೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಫೋನ್ ಮಾಡಿದರು. "ಹದಿನಾಲ್ಕನೇ ಬೆಡ್ಡಿಗೆ ನಿಮ್ಮ ಪೇಷೆಂಟ್ ಬಂದಿದಾನೆ. ಕಟ್ಟಿರೋದು ನೋಡಿ ಡಾಕ್ಟ್ರು, ಇದು ನಮ್ಮವರದೇ ಕೈ ಅಂದ್ರು." ಆ ವಾರ ನನ್ನನ್ನು ಬೇರೆ ವಾರ್ಡಿಗೆ ಹಾಕಿದರು.

ಠಾಣೆಯಲ್ಲಿ ದೂರು ಬರೆದುಕೊಳ್ಳುವವರನ್ನು ರೈಟರ್ ಎನ್ನುತ್ತಾರೆ. ನಮ್ಮ ರೈಟರು ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ ಇದ್ದವರು. ಕಾನೂನು ಹೊಸದಾಗಿತ್ತು, ಸೆಕ್ಷನ್ನುಗಳ ಸಂಖ್ಯೆಯೆಲ್ಲ ಬದಲಾಗಿತ್ತು. ಅವರು ಹಳೆಯ ಸಂಖ್ಯೆ ಹೇಳಿ, ತಲೆ ಎತ್ತಿ, ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಹೊಸದನ್ನು ಹುಡುಕಿ, ಆಮೇಲೆ ಬರೆಯುತ್ತಿದ್ದರು. ನಾನು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮೇಡಂ, ನಿಮ್ ಒಳ್ಳೇದಕ್ಕೆ ಹೇಳ್ತೀನಿ. ಓಡ್ಹೋಗೋವಾಗ ಮೆಟ್ಲಿಂದ ಬಿದ್ದು ಕೈ ಮುರ್ಕೊಂಡ ಅಂತ ಬರೀರಿ. ನಿಮಗೂ ತಲೆನೋವಿಲ್ಲ, ನಮಗೂ ಇಲ್ಲ."

"ಅವನು ಬೀಳಲಿಲ್ವಲ್ಲ ಸಾರ್. ನಾನು ಹೊಡೆದೆ."

"ಹೊಡೆದದ್ದು ತಪ್ಪು ಅಂತ ಅಲ್ಲ. ಆದ್ರೆ ಮೂಳೆ ಮುರೀತಲ್ಲ, ಮೂಳೆ ಮುರಿದ್ರೆ ಅದು ತೀವ್ರ ಗಾಯ ಆಗ್ಬಿಡುತ್ತೆ."

ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ನನ್ನ ಮೊಣಕೈ ತಿವಿದರು. "ಹೇಳಿದ ಹಾಗೆ ಬರ್ಕೊಡು. ಅವ್ರಿಗೆ ಗೊತ್ತಿರಲ್ವಾ?"

ನಾನು ಒಪ್ಪಲಿಲ್ಲ. ಹಟ ಎಂದರು, ಅಹಂಕಾರ ಎಂದರು. ಅದಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ವಾರ್ಡಿಗೆ ಗಂಡನಿಂದ ಏಟು ತಿಂದ ಹೆಂಗಸರು ಬರುತ್ತಿದ್ದಾರೆ. ಬಚ್ಚಲಲ್ಲಿ ಜಾರಿದೆ, ಮೆಟ್ಟಿಲಿಂದ ಬಿದ್ದೆ ಎಂದು ಬರೆಸುತ್ತಾರೆ. ನಾನು ಅದನ್ನೇ ಚೀಟಿಯಲ್ಲಿ ಬರೆದು ಕೈ ಕಟ್ಟಿ ಕಳಿಸಿದ್ದೇನೆ. ಹೊಡೆದವನನ್ನು ಉಳಿಸಲು ಬೇಕಾದಷ್ಟು ಸಲ ಆ ಸುಳ್ಳು ಬರೆದಾಗಿದೆ. ನನ್ನನ್ನು ಉಳಿಸಿಕೊಳ್ಳಲೂ ಅದೇ ಸುಳ್ಳು ಬರೆಯಬೇಕೆಂದರೆ ನನಗೆ ರೇಗಿತು. ರೈಟರು ನಿಟ್ಟುಸಿರು ಬಿಟ್ಟು, ನಾನು ಹೇಳಿದ ಹಾಗೇ ಬರೆದುಕೊಂಡರು. ಮುದ್ದೆ ಕೋಲನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಇಟ್ಟುಕೊಂಡರು.

ನಾಲ್ಕನೇ ದಿನ ಅವರೇ ಫೋನ್ ಮಾಡಿದರು. ಆ ಮನುಷ್ಯ ಆಸ್ಪತ್ರೆಯಿಂದಲೇ ನನ್ನ ಮೇಲೆ ದೂರು ಕೊಟ್ಟಿದ್ದ. ಓನರ್ ಅಮ್ಮ ಕೆಳಗಿನ ರೂಮು ಬಾಡಿಗೆಗೆ ಕೊಡಲು ಗೇಟಿಗೆ 'ಟು ಲೆಟ್' ಬೋರ್ಡು ನೇತುಹಾಕಿದ್ದರು. ಅದನ್ನು ನೋಡಿ ಮನೆ ವಿಚಾರಿಸಲು ಮಹಡಿಗೆ ಬಂದೆ, ಬಾಗಿಲು ತೆರೆದಿತ್ತು, ಆಯಮ್ಮ ಏನೂ ಕೇಳದೆ ದೊಣ್ಣೆಯಿಂದ ಬಡಿದರು ಎಂದು ಬರೆಸಿದ್ದ. ಕೆಲಸ ಬಿಟ್ಟ ಎಲೆಕ್ಟ್ರಿಷಿಯನ್ನಂತೆ, ಹಾಗಾಗಿ ಸ್ಕ್ರೂಡ್ರೈವರು ಜೇಬಿನಲ್ಲಿ ಯಾವಾಗಲೂ ಇರುತ್ತದಂತೆ.

ಹೋಗಿ ನೋಡಿದರೆ, ನನ್ನ ಮೇಲಿನ ಕೇಸಿನ ಕಾಗದದಲ್ಲಿ 'ಮರದ ಮಾರಕಾಯುಧ' ಎಂದಿತ್ತು.

"ಸಾರ್, ಇದು ಮುದ್ದೆ ಕೋಲು."

"ಗೊತ್ತು ಮೇಡಂ, ನಮ್ಮನೇಲೂ ಇದೆ. ನಾನೂ ಮುದ್ದೆ ತಿಂದೇ ಬೆಳೆದವನು."

"ಮತ್ತೆ ಹಂಗೇ ಬರೀರಿ."

"ಮುದ್ದೆ ಕೋಲು ಅಂತ ಬರೆದ್ರೆ ಸಾಹೇಬ್ರು ಬಯ್ತಾರೆ. ಮೂಳೆ ಮುರಿಯೋವಂಥದ್ದು ಅಂದ್ಮೇಲೆ ಅದು ಆಯುಧಾನೇ."

ಒಂದು ಪದಕ್ಕಾಗಿ ಜಗಳ ಮಾಡುತ್ತಾಳೆ ಎಂದು ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಆ ಪದದಲ್ಲಿ ಏನಿದೆಯೆಂದು ತಿಳಿದದ್ದು ವಕೀಲರ ಹತ್ತಿರ ಹೋದ ಮೇಲೆ. ಗಾಂಧಿ ಬಜಾರಿನಲ್ಲಿ ಪೂಜೆ ಸಾಮಾನಿನ ಅಂಗಡಿಯ ಮೇಲೆ ಅವರ ಆಫೀಸು. ನನಗಿಂತ ಚಿಕ್ಕವರು, ಕಡಿಮೆ ಮಾತಿನ ಹೆಂಗಸು. ಕೆಳಗಿನಿಂದ ಊದುಬತ್ತಿಯ ಘಾಟು ಮೇಲಕ್ಕೆ ಬಂದು, ಎಲ್ಲರೂ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದೆವು.

"ಬರೀ ಕೈಯಲ್ಲಿ ಮೂಳೆ ಮುರಿದ್ರೆ ಠಾಣೆಯಲ್ಲೇ ಜಾಮೀನು ಸಿಗುತ್ತೆ," ಎಂದರು ಅವರು. "ಮಾರಕಾಯುಧ ಅಂತಾದ್ರೆ ಸಿಗಲ್ಲ, ಕೋರ್ಟಿಗೆ ಹೋಗ್ಬೇಕು. ಅರೆಸ್ಟ್ ಆಗಿ ಎರಡು ದಿನ ಒಳಗಿದ್ರೆ ಸರ್ಕಾರಿ ನೌಕರಿಗೆ ಸಸ್ಪೆನ್ಷನ್. ಮೊದ್ಲು ನಿರೀಕ್ಷಣಾ ಜಾಮೀನು ತಗೊಳ್ಳೋಣ."

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಮೇಡಂ, ಅವ್ನು ನಮ್ಮನೇಗೆ ನುಗ್ಗಿದಾನೆ. ಜಾಮೀನು ಇವ್ಳು ತಗೋಬೇಕಾ? ಆತ್ಮರಕ್ಷಣೆ ಅಂತ ಕಾನೂನೇ ಇಲ್ವಾ?"

"ಇದೆ. ಚೆನ್ನಾಗೇ ಇದೆ. ತನ್ನ ದೇಹ, ತನ್ನ ಸ್ವತ್ತು ಕಾಪಾಡ್ಕೊಳ್ಳೋಕೆ ಮಾಡಿದ್ದು ಅಪರಾಧವೇ ಅಲ್ಲ. ಆದ್ರೆ ಕಾಪಾಡ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟೇ ಹೊಡೀಬೇಕು. ಮತ್ತೆ, ಅದು ಆತ್ಮರಕ್ಷಣೆ ಅಂತ ತೋರಿಸ್ಬೇಕಾದವರು ನೀವೇ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೇಳಿದರು, "ಎಷ್ಟು ಗಂಟೆಗೆ ಬಂದ ಅಂದ್ರಿ?"

"ಬೆಳಿಗ್ಗೆ ಹನ್ನೊಂದು."

"ಸೂರ್ಯ ಮುಳುಗಿದ ಮೇಲೆ ಬೀಗ ಒಡೆದು ಬಂದಿದ್ರೆ ಹಕ್ಕು ಇನ್ನೂ ದೊಡ್ಡದಾಗಿರ್ತಿತ್ತು. ಹಗಲು ಹೊತ್ತು, ಬಾಗಿಲು ಬೇರೆ ತೆಗೆದಿತ್ತು."

"ಅಂದ್ರೆ ರಾತ್ರಿ ಬಂದಿದ್ರೆ ಒಳ್ಳೇದಿತ್ತಾ?" ಎಂದರು ನಮ್ಮ ಮನೆಯವರು. "ರಾತ್ರಿ ಇವ್ಳು ಮನೇಲೇ ಇರಲ್ವಲ್ಲ ಮೇಡಂ. ಡ್ಯೂಟಿ. ನೈಟ್ ಶಿಫ್ಟಿನೋರಿಗೆ ಹಗಲೇ ರಾತ್ರಿ!"

ವಕೀಲರು ನಕ್ಕರು. ಆದರೆ ಅದನ್ನೂ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡರು.

ಅವರಿಗೆ ಹೆಚ್ಚು ಚಿಂತೆಯಾದದ್ದು ಏಟಿನ ಬಗ್ಗೆ ಅಲ್ಲ, ನಾನು ಕಟ್ಟಿದ ದುಪ್ಪಟ್ಟಾದ ಬಗ್ಗೆ. "ಆ ಕಡೆ ವಕೀಲ್ರು ಕೇಳೇ ಕೇಳ್ತಾರೆ ಸಿಸ್ಟರ್. ಪ್ರಾಣಭಯ ಇದ್ದೋಳು ಮತ್ತೆ ಒಳಗೆ ಹೋಗಿ ಅವನ ಪಕ್ಕ ಕೂತು ಕೈ ಕಟ್ತಾಳಾ ಅಂತ." ಅವನ ಕೈಯಲ್ಲಿ ಸ್ಕ್ರೂಡ್ರೈವರು ಇದ್ದಾಗ ಅವನು ಕಳ್ಳ, ಕೈ ಮುರಿದು ಕೂತಾಗ ಪೇಷೆಂಟು. ನನಗೆ ಇದು ಬಿಸಿಲಿನಷ್ಟು ಸ್ಪಷ್ಟ. ಇದಕ್ಕೂ ಸಾಕ್ಷಿ ಬೇಕು ಎಂದರೆ ಎಲ್ಲಿಂದ ತರಲಿ?

ಜಾಮೀನು ಸಿಕ್ಕಿತು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಎಲ್ಲರಿಗೂ ಒಂದೊಂದು ತೀರ್ಪು ತಯಾರಿತ್ತು. ಕೆಲವರು ಕಾಲನ್ನೂ ಮುರಿಯಬೇಕಿತ್ತು ಎನ್ನುತ್ತಿದ್ದರು. ಇನ್ನು ಕೆಲವರು, ಬಾಗಿಲು ಪಕ್ಕದಲ್ಲೇ ಇತ್ತಲ್ಲ, ಓಡಿಹೋಗಬೇಕಿತ್ತು ಎನ್ನುತ್ತಿದ್ದರು. ನನ್ನದೇ ಮನೆಯಿಂದ ನಾನು ಓಡಬೇಕಂತೆ. ಓನರ್ ಅಮ್ಮನದು ಮಾತ್ರ ಬೇರೆ ರಾಗ. "ನೀನು ಮಾಡಿದ್ದು ಸರೀನೇ ಕಣಮ್ಮ. ಆದ್ರೆ ಪೊಲೀಸ್ ಗಾಡಿ ಬಂದ್ಮೇಲೆ ಕೆಳಗಿನ ರೂಮ್ ಕೇಳ್ಕೊಂಡು ಒಬ್ರೂ ಬಂದಿಲ್ಲ." ಆಸ್ಪತ್ರೆಯ ಆಫೀಸಿನಿಂದ ಪತ್ರ ಬಂತು: ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಗಿರುವ ಬಗ್ಗೆ ಏಳು ದಿನಗಳಲ್ಲಿ ವಿವರಣೆ ನೀಡುವುದು. ನಾನು ಎರಡು ಪುಟ ಬರೆದು ಕೊಟ್ಟೆ. ಗುಮಾಸ್ತರು ಓದಿ, "ಸ್ವಲ್ಪ ಚಿಕ್ಕದು ಮಾಡಿ ಸಿಸ್ಟರ್, ಸಾಹೇಬ್ರು ಒಂದು ಪುಟದ ಮೇಲೆ ಓದಲ್ಲ" ಎಂದರು. ಒಂದು ಪುಟ ಮಾಡಿ ಕೊಟ್ಟಾಗ ವಿವರ ಸಾಲದು ಎಂದು ವಾಪಸು ಬಂತು.

ಎರಡು ತಿಂಗಳ ಮೇಲೆ ಸಬ್ ಇನ್‌ಸ್ಪೆಕ್ಟರು ಸ್ಥಳ ನೋಡಲು ಮನೆಗೆ ಬಂದರು. ಮೊದಲನೇ ದಿನ ಬರೆದಿದ್ದ ಕಾಗದ ಎಲ್ಲೋ ತಪ್ಪಿಹೋಗಿತ್ತಂತೆ. ನಡೆದದ್ದನ್ನು ನಡೆಸಿ ತೋರಿಸಿ ಎಂದರು. ಒಬ್ಬ ಕಾನ್‌ಸ್ಟೇಬಲ್ ಕಳ್ಳನಾದ, ಸ್ಕ್ರೂಡ್ರೈವರಿಗೆ ಬದಲು ಅವನ ಕೈಯಲ್ಲಿ ಬಾಲ್‌ಪೆನ್ನು. ನನ್ನ ಮುದ್ದೆ ಕೋಲು ಅವರ ಹತ್ತಿರವೇ ಇದ್ದದ್ದರಿಂದ ನನ್ನ ಕೈಗೆ ಸಾರಿನ ಸೌಟು ಬಂತು. ಅವನು ರೂಮಿನಿಂದ ಬಂದ. "ಇಷ್ಟು ಜೋರಾಗಿ ಬಂದ್ನಾ? ಇಲ್ಲ ನಿಧಾನಕ್ಕಾ?" "ಸ್ವಲ್ಪ ಜೋರಾಗಿ." ಅವನು ಹಿಂದೆ ಹೋಗಿ ಮತ್ತೆ ಬಂದ. ಸೌಟನ್ನು ಅವನ ಕೈಗೆ ಮುಟ್ಟಿಸಿದೆ. ಪೆನ್ನು ಬಿದ್ದಿತು. ಅವನು ಬಗ್ಗಿದ. ಸಬ್ ಇನ್‌ಸ್ಪೆಕ್ಟರು ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ. ಯಾಕೆ ಬಗ್ಗಿದ? ಸ್ಕ್ರೂಡ್ರೈವರ್ ಎತ್ಕೊಳ್ಳೋಕಾ, ನೋವಿಗಾ?"

ನಾನು ಬಗ್ಗಿದ ಕಾನ್‌ಸ್ಟೇಬಲ್ಲನ ಬೆನ್ನನ್ನು ನೋಡುತ್ತಾ ನಿಂತೆ. ಅದುವರೆಗೆ ಎಲ್ಲರ ಮೇಲೂ ರೇಗುತ್ತಿದ್ದವಳು ಆಗ ಸೌಟು ಕೆಳಗಿಳಿಸಿದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ.

"ಗೊತ್ತಿಲ್ಲ ಸಾರ್," ಎಂದೆ.

ಸಂಜೆ ವಕೀಲರಿಗೆ ಫೋನ್ ಮಾಡಿ ಹೇಳಿದೆ. "ಅವನ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿರ್ಬೇಕಾಗಿಲ್ಲ ಸಿಸ್ಟರ್. ನಿಮ್ಮ ಮನಸ್ಸಲ್ಲಿ ಏನಿತ್ತು ಹೇಳಿ."

"ಮತ್ತೆ ಎತ್ಕೊಂಡು ಚುಚ್ತಾನೆ ಅನ್ನಿಸ್ತು."

"ಅದು ನಿಜಾನಾ? ಇಲ್ಲ ಈಗ ನಾನು ಕೇಳ್ದೆ ಅಂತ ಹೇಳ್ತಿದೀರಾ?"

ನಿಜವೇ. ಆದರೆ ಅದರ ಜೊತೆಗೆ ಸಿಟ್ಟೂ ಇತ್ತು. ನಾನು ಮಲಗಿದ್ದಾಗ ಪಕ್ಕದಲ್ಲಿ ನಡೆದುಹೋದನಲ್ಲ ಎಂಬ ಸಿಟ್ಟು. ಅದನ್ನೂ ಅವರಿಗೆ ಹೇಳಿದೆ. "ಭಯ ಇದ್ದಾಗ ಸಿಟ್ಟು ಬರಬಾರದು ಅಂತ ಯಾವ ಕಾನೂನೂ ಹೇಳಲ್ಲ," ಎಂದರು. "ಚಿನ್ನದ ತಕ್ಕಡಿಯಲ್ಲಿ ತೂಗಿದ ಹಾಗೆ ಅಳೆದು ಹೊಡೀಬೇಕು ಅಂತಾನೂ ಹೇಳಲ್ಲ." ಒಂದೂವರೆ ವರ್ಷದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ. ಮಾರನೇ ದಿನ ಠಾಣೆಗೆ ಹೋಗಿ, ನನ್ನ ಭಯವನ್ನೂ ಹೇಳಿಕೆಗೆ ಸೇರಿಸಿ ಸಹಿ ಹಾಕಿದೆ.

ಅವನನ್ನು ಮತ್ತೆ ನೋಡಿದ್ದು ಕೋರ್ಟಿನ ವರಾಂಡದಲ್ಲಿ. ಅವನ ಮೇಲಿನ ಕೇಸಿಗೆ ಜಾಮೀನಿನ ಮೇಲೆ ಹೊರಗಿದ್ದ ಅವನೂ, ನನ್ನ ಮೇಲಿನದ್ದಕ್ಕೆ ನಾನೂ ಬಂದಿದ್ದೆವು. ಬೆಂಚಿನಲ್ಲಿ ಜಾಗ ಇದ್ದದ್ದು ಅವನ ಪಕ್ಕದಲ್ಲಿ ಮಾತ್ರ. ನಾನು ನಿಂತೇ ಇದ್ದೆ. ಅವನು ಎಡಗೈಯಿಂದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಕೈ ಮುಷ್ಟಿ ಮಾಡು ನೋಡೋಣ," ಎಂದೆ.

ಅವನು ಬೆಚ್ಚಿ ಎದ್ದ. ಮುಷ್ಟಿ ಅರ್ಧಕ್ಕೇ ನಿಂತಿತು.

"ಫಿಸಿಯೋಥೆರಪಿಗೆ ಹೋಗಿಲ್ವಾ? ಬಿಸಿನೀರಲ್ಲಿ ಕೈಯಿಟ್ಟು ದಿನಾ ಆಡಿಸು ಅಂತ ಹೇಳಿ ಕಳಿಸಿರ್ತಾರಲ್ಲ!"

"ನಿಮ್ ಆಸ್ಪತ್ರೆಗೆ ಬರೋಕೆ ಭಯ ಆಯ್ತು ಅಕ್ಕಾ."

ನನಗೆ ಅವನ ಮೇಲೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಡಾಕ್ಟರು ಅಷ್ಟು ಚೆನ್ನಾಗಿ ಕೂರಿಸಿದ ಮೂಳೆ, ಮೂರು ತಿಂಗಳ ವ್ಯಾಯಾಮ ಮಾಡದೆ ಕೈ ಬಿಗಿದುಕೊಂಡು ಕೂತಿದ್ದಾನೆ. ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ. ಆಮೇಲೆ ನಾನೇ ಕೇಳಿದೆ, "ಯಾಕೆ ಬಗ್ಗಿದೆ ಅವತ್ತು?"

ಅವನು ನನ್ನನ್ನು ನೋಡಿದ. "ನನಗೂ ಗೊತ್ತಿಲ್ಲ ಅಕ್ಕಾ. ಎಷ್ಟು ಸಲ ಯೋಚ್ನೆ ಮಾಡಿದೀನಿ."

"ಮತ್ತೆ ಬಾಡಿಗೆ ಮನೆ ಕೇಳೋಕೆ ಬಂದೆ ಅಂತ ಸುಳ್ಳು ಬರೆಸಿದ್ಯಲ್ಲ?"

"ಹಂಗೆ ಬರೆಸು ಅಂತ ಹೇಳ್ಕೊಟ್ರು." ಯಾರು ಎಂದು ಕೇಳುವಷ್ಟರಲ್ಲಿ ಅವನ ಹೆಸರು ಕೂಗಿದರು.

ಆ ಬಾಡಿಗೆ ಮನೆಯ ಕಥೆ ಕೊನೆಗೆ ನಿಲ್ಲಲಿಲ್ಲ. ಬೀರುವಿನ ಬಾಗಿಲ ಒಳಬದಿಯಲ್ಲಿ ಅವನ ಬೆರಳಚ್ಚು ಇತ್ತು, ಬೀಗದ ಪಕ್ಕ ಸ್ಕ್ರೂಡ್ರೈವರಿನ ಗೀರು ಇತ್ತು. ರೂಮು ಬಾಡಿಗೆಗೆ ಕೇಳುವವನು ಯಾರದೋ ಬೀರು ಏಕೆ ತೆಗೆಯುತ್ತಾನೆ? ಇದು ಮೊದಲನೇ ದಿನವೇ ಎಲ್ಲರಿಗೂ ಗೊತ್ತಿತ್ತು. ಬೆರಳಚ್ಚಿನ ವರದಿ ಬರಲು ಎಂಟು ತಿಂಗಳು ಹಿಡಿಯಿತು, ಅಷ್ಟೆ. ಆಮೇಲೆ ಸಬ್ ಇನ್‌ಸ್ಪೆಕ್ಟರು ನನ್ನ ಮೇಲಿನ ಕೇಸಿಗೆ ಬಿ ರಿಪೋರ್ಟ್ ಹಾಕಿದರು. ಅಂದರೆ ಈಕೆಯ ಮೇಲೆ ಮುಂದುವರಿಸಲು ಏನೂ ಇಲ್ಲ, ಮುಚ್ಚಿಬಿಡಿ ಎಂದು ಕೋರ್ಟಿಗೆ ಬರೆಯುವುದು. ಅದನ್ನು ಕೋರ್ಟು ಒಪ್ಪುವ ಮೊದಲು, ದೂರು ಕೊಟ್ಟ ಅವನಿಗೆ ನೋಟಿಸು ಹೋಗಬೇಕು. ಅವನು ಮನೆ ಬದಲಾಯಿಸಿದ್ದ, ನೋಟಿಸು ಎರಡು ಸಲ ವಾಪಸು ಬಂತು. ಮೂರನೆಯ ಸಲ ಅವನು ಬಂದು ನಿಂತು, ತಕರಾರು ಇಲ್ಲ ಎಂದ. ಮ್ಯಾಜಿಸ್ಟ್ರೇಟರು ಓದಿ ಸಹಿ ಹಾಕಲು ಎರಡು ನಿಮಿಷವೂ ಆಗಲಿಲ್ಲ. ನಾನು ಇನ್ನೂ ಏನೋ ಕೇಳುತ್ತಾರೆಂದು ಕೈಕಟ್ಟಿ ನಿಂತೇ ಇದ್ದೆ. ವಕೀಲರು ಬಂದು ಸೆರಗು ಎಳೆದು, "ಮುಗೀತು, ಬನ್ನಿ" ಎಂದರು.

ಅವನ ಮೇಲಿನ ಕೇಸು ಮುಗಿದಿಲ್ಲ. ಅದರಲ್ಲಿ ನಾನು ಸಾಕ್ಷಿ. ಮೂರು ಸಲ ಸಮನ್ಸು ಬಂದಿದೆ, ಮೂರು ಸಲವೂ ರಜೆ ಹಾಕಿ ಹೋಗಿದ್ದೇನೆ. ಒಂದು ಸಲ ಸರ್ಕಾರಿ ವಕೀಲರು ಬಂದಿರಲಿಲ್ಲ, ಒಂದು ಸಲ ಅವನ ವಕೀಲರು ಬಂದಿರಲಿಲ್ಲ, ಇನ್ನೊಂದು ಸಲ ಎಲ್ಲರೂ ಬಂದಿದ್ದರು, ಕರೆಂಟು ಇರಲಿಲ್ಲ. ಪ್ರತಿ ಸಲವೂ ಮೆಜೆಸ್ಟಿಕ್‌ವರೆಗೆ ಬಂದು ಬಸ್ಸು ಬದಲಾಯಿಸಿ, ಮನೆಗೆ ಬಂದು, ನಿದ್ದೆಯಿಲ್ಲದೆ ಡ್ಯೂಟಿಗೆ ಹೋಗಿದ್ದೇನೆ.

ನನ್ನ ಕೇಸು ಮುಚ್ಚಿದ ಆದೇಶದ ನಕಲನ್ನು ಆಸ್ಪತ್ರೆಯ ಆಫೀಸಿಗೆ ಕೊಟ್ಟು ಒಂದು ತಿಂಗಳಾದ ಮೇಲೆ ಅಲ್ಲಿಂದಲೂ ಕೊನೆಯ ಪತ್ರ ಬಂತು. ಸದರಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಮುಂದೆ ಇಂತಹ ಘಟನೆಗಳು ಮರುಕಳಿಸದಂತೆ ಎಚ್ಚರ ವಹಿಸಲು ಸದರಿ ನೌಕರರಿಗೆ ಸೂಚಿಸಲಾಗಿದೆ.

ಎರಡು ಸಲ ಓದಿದೆ. "ಇದು ನನಗಾ, ಕಳ್ಳನಿಗಾ?" ಎಂದು ಗುಮಾಸ್ತರನ್ನು ಕೇಳಿದೆ.

"ಎಲ್ಲಾ ಪತ್ರದಲ್ಲೂ ಆ ಸಾಲು ಇರುತ್ತೆ ಸಿಸ್ಟರ್. ಸೈನ್ ಮಾಡಿ."

ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ವಾರ್ಡಿನಿಂದ ಆಯಾ ಓಡಿ ಬಂದು, ತೊಡೆಯ ಮೂಳೆ ಮುರಿದ ಒಬ್ಬ ಅಜ್ಜಿಯನ್ನು ಈಗಷ್ಟೇ ಕರೆತಂದಿದ್ದಾರೆ, ಡಾಕ್ಟರು ಕರೆಯುತ್ತಿದ್ದಾರೆ ಎಂದಳು. ಸಹಿ ಹಾಕಿ, ಪೆನ್ನನ್ನು ಅವರ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟು ಹೊರಟೆ.